ಸಂಜೆ ರೈಲಿಗೆ ನಿಂತವರು

ಊಟಿಯ ಅಂಗಡಿಯಲ್ಲಿ ನನಗೆ ಬರಬೇಕಿದ್ದ ಪಾಲನ್ನು ಅಣ್ಣನಿಗೇ ಬಿಟ್ಟುಕೊಟ್ಟು, ಅವನು ಕೊಟ್ಟ ಹಣದಲ್ಲಿ ನಾನು ರೈಲು ನಿಲ್ದಾಣದ ಪಕ್ಕ ಮನೆ ಕೊಂಡೆ. ಕೂನೂರಿಗೂ ಊಟಿಗೂ ನಡುವೆ ಕಣಿವೆಯ ಅಂಚಿನಲ್ಲಿರುವ ಪುಟ್ಟ ನಿಲ್ದಾಣ ಅದು. ಅದರ ಬೆನ್ನಿಗೇ, ಮೊದಲು ಟೀ ಗಿಡಗಳಿದ್ದ ಇಳಿಜಾರಿನಲ್ಲಿ, ಸಾಲು ಸಾಲು ಹೊಸ ಮನೆಗಳು ಎದ್ದಿದ್ದವು. ಮಾರುವವನು, "ರೈಲಿನಿಂದ ಕಾಲು ಕೆಳಗಿಟ್ಟರೆ ಹೊಸಿಲು ಮೇಡಂ. ಜನ ಬರಲಿ, ಆಮೇಲೆ ಗಂಟೆಗೊಂದು ರೈಲು" ಎಂದಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಗೊತ್ತಿದ್ದೂ ನಂಬಿದೆ. ಕೂನೂರಿನ ಟೀ ಹರಾಜಿನ ಕಚೇರಿಯೊಂದರಲ್ಲಿ ದುಡಿಯುವ, ಮದುವೆಯ ಗೋಜಿಗೆ ಹೋಗದ ನನ್ನಂಥವಳಿಗೆ ಹೊಸಿಲವರೆಗೆ ಬರುವ ರೈಲಿಗಿಂತ ದೊಡ್ಡ ಆಸೆ ಯಾವುದೂ ಇರಲಿಲ್ಲ.

ಮನೆಗಳೆಲ್ಲ ಮಾರಾಟವಾದವು. ಜನ ಮಾತ್ರ ಬರಲಿಲ್ಲ. ಕೊಂಡವರೆಲ್ಲ ಬಯಲುಸೀಮೆಯ ದೊಡ್ಡ ಊರಿನವರು. ಬೇಸಿಗೆಯಲ್ಲಿ ನಾಲ್ಕು ದಿನ ಬಂದು, ಚಳಿ ಎಂದು ಹಲ್ಲು ಕಟಕಟಿಸಿ, ಕಾರು ಹತ್ತಿ ಇಳಿದುಹೋದರು. ಹೋಗುವಾಗ ಕಳ್ಳರು ಹೆದರಲೆಂದು ಮುಂಗೋಣೆಯ ದೀಪಕ್ಕೆ ಒಂದು ಏರ್ಪಾಟು ಮಾಡಿಹೋಗಿದ್ದರು. ಹೊರಗೆ ಬೆಳಕು ಕಮ್ಮಿಯಾದರೆ ಅದು ತಾನೇ ಹತ್ತಿಕೊಳ್ಳುತ್ತದೆ. ನೀಲಗಿರಿಯ ಮಂಜಿಗೆ ಹಗಲು ರಾತ್ರಿಯ ಭೇದ ಎಲ್ಲಿದೆ? ರಜೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಿರುವಾಗಲೇ ಕಣಿವೆಯಿಂದ ಮಂಜು ಏರಿ ಬರುತ್ತಿತ್ತು, ಕೆಳಗಿನ ಸಾಲಿನಿಂದ ಒಂದೊಂದೇ ಮನೆ ಕಣ್ಣು ಬಿಡುತ್ತಿತ್ತು. ಕಿಟಕಿಯಲ್ಲಿ ಪರದೆ, ಪರದೆಯ ಹಿಂದೆ ಬೆಳಕು, ಬೆಳಕಿನಲ್ಲಿ ಯಾರೂ ಇಲ್ಲ. ಎದುರು ಮನೆಯವರು ಕುರ್ಚಿಯ ಬೆನ್ನಿಗೆ ಒಂದು ಕೋಟು ಹಾಕಿ ಹೋಗಿದ್ದರು. ಆ ಕೋಟಿನ ಕಡೆ ಬೆನ್ನು ತಿರುಗಿಸಿ ಊಟ ಮಾಡುವುದು ನನ್ನಿಂದ ಕೊನೆಯವರೆಗೂ ಆಗಲಿಲ್ಲ. ನನ್ನ ಮನೆಯಲ್ಲಿದ್ದ ಆ ಏರ್ಪಾಟನ್ನು ಮೊದಲ ವಾರವೇ ಕೀಳಿಸಿ, ಕೈಯಿಂದ ಒತ್ತುವ ಸ್ವಿಚ್ಚು ಹಾಕಿಸಿಕೊಂಡೆ.

ಈ ಮನೆಗಳನ್ನು ನೆಚ್ಚಿಯೇ ರೈಲ್ವೆಯವರು ಸಂಜೆಗೆ ಒಂದು ರೈಲು ಹೆಚ್ಚು ಓಡಿಸಿದರು. ಸದ್ಯಕ್ಕೆ ನೋಡೋಣ, ಜನ ಸಿಕ್ಕರೆ ಉಳಿಸೋಣ ಎಂಬ ಲೆಕ್ಕ. ಅದಕ್ಕೆ ಮೊದಲು ನನ್ನ ಕಚೇರಿ ಮುಗಿಯುವಷ್ಟರಲ್ಲಿ ಕಡೆಯ ರೈಲು ಹೋಗಿಬಿಡುತ್ತಿತ್ತು. ಬಸ್ಸು ಇಳಿದರೆ ಮೇಲಿನ ರಸ್ತೆಯಿಂದ ಕಡಿದಾದ ಕಾಲುದಾರಿ. ಆ ದಾರಿಯಲ್ಲಿ ಕಾಟಿ, ಅದೇ ಕಾಡುಕೋಣ, ಮಲಗಿರುತ್ತದೆ, ಕರಡಿಯೂ ಅಡ್ಡಾಡುತ್ತದೆ. ಸಂಜೆ ರೈಲು ಬಂದ ಮೇಲೆ ನಾನು ಬದುಕಿದೆ.

ಅದೇ ನಿಲ್ದಾಣದಲ್ಲಿ ಇಳಿಯುವವಳು ಇನ್ನೊಬ್ಬಳಿದ್ದಳು. ನಿಲ್ದಾಣದ ಆಚೆ ಬದಿಯಲ್ಲಿ, ಬೆಟ್ಟದ ಬಡಗ ಜನರ ಹಟ್ಟಿಯವಳು, ನನಗಿಂತ ಏಳೆಂಟು ವರ್ಷ ಚಿಕ್ಕವಳು. ಮೂತ್ರಪಿಂಡ ಕೆಟ್ಟು, ವಾರಕ್ಕೆ ಎರಡು ಸಲ ಕೂನೂರಿನ ಆಸ್ಪತ್ರೆಗೆ ರಕ್ತ ಶುದ್ಧಿ ಮಾಡಿಸಿಕೊಳ್ಳಲು ಹೋಗುತ್ತಿದ್ದಳು. ಹಿಂತಿರುಗುವಾಗ ಮೈಯಲ್ಲಿ ಜೀವವೇ ಇರುತ್ತಿರಲಿಲ್ಲ; ಆ ಕಾಲುದಾರಿ ಇಳಿಯುವ ಮಾತಂತೂ ದೂರ. ನಿಲ್ದಾಣದಿಂದಾದರೆ ಅವಳ ಹಟ್ಟಿಗೆ ಸಮದಾರಿ. ನನ್ನ ಎದುರು ಕೂತು ನಿದ್ದೆ ಹೋಗುತ್ತಿದ್ದಳು, ನಿಲ್ದಾಣ ಬಂದಾಗ ನಾನು ಎಬ್ಬಿಸುತ್ತಿದ್ದೆ. ಎಚ್ಚರವಿದ್ದ ದಿನ ಬಡಗ, ಕನ್ನಡ, ತಮಿಳು ಮೂರನ್ನೂ ಬೆರೆಸಿ ನನ್ನ ಕಾಲೆಳೆಯುತ್ತಿದ್ದಳು.

"ಅಕ್ಕ, ನೀ ಇಳಿದ್ರೆ ಆ ಊರಲ್ಲಿ ಯಾರು ಕಾದಿದ್ದಾರೆ ನಿನಗೆ?"

"ಯಾಕೆ, ಅಷ್ಟೊಂದು ದೀಪ ಕಾದಿರುತ್ತವಲ್ಲ!"

"ದೀಪಕ್ಕೆ ಕಣ್ಣು ಇಲ್ಲೆ ಅಕ್ಕ. ಬಂದವರು ಯಾರು ಎಂದು ಅದಕ್ಕೆ ಏನ ಗೊತ್ತು?"

ನಾನು ನಕ್ಕೆ. ಮನೆಗೆ ಬಂದ ಮೇಲೆ ಆ ಮಾತು ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಮಳೆಗಾಲದ ಮೊದಲಲ್ಲಿ ಒಬ್ಬ ಅಧಿಕಾರಿ ಬಂದು ನಿಲ್ದಾಣ ನೋಡಿಹೋದರು ಎಂದು ಕೇಳಿದೆ. ಅದಾದ ಮೇಲೆ ಒಂದು ಸಂಜೆ ನಾನೊಬ್ಬಳೇ ಇಳಿದೆ. ಅದು ಅವಳ ಆಸ್ಪತ್ರೆಯ ದಿನವಲ್ಲ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಇಳಿದ ಮೇಲೆ ರೈಲೇ ಕಾಣಲಿಲ್ಲ. ಪ್ಲಾಟ್‌ಫಾರಂನ ಉದ್ದಕ್ಕೂ ಬಿಳಿಯ ಬಟ್ಟೆ ಹೊದ್ದವರು ಸಾಲಾಗಿ ನಿಂತಿದ್ದರು. ಗಂಡಸರು, ಹೆಂಗಸರು, ಎಲ್ಲರೂ ವಯಸ್ಸಾದವರು. ಯಾರೂ ಹತ್ತಲಿಲ್ಲ, ಯಾರೂ ಮಾತಾಡಲಿಲ್ಲ. ಅವರ ಮುಂದಿನಿಂದಲೇ ನಡೆದು ಬರಬೇಕಾಯಿತು. ಅಷ್ಟು ಜನರ ಉಸಿರು ಕೇಳಿಸಿತು, ಒಂದು ಕೆಮ್ಮೂ ಕೇಳಿಸಲಿಲ್ಲ. ರೈಲು ಹೊರಟಿತು. ತಿರುಗಿ ನೋಡಿದರೆ ಬರೀ ಮಂಜು.

ಬಡಗರು ಹಾಗೆ ಬಿಳಿ ಹೊದ್ದು ಗುಂಪಾಗಿ ಬರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಸಾವು ಎಂದರೆ ಹತ್ತೂರಿನ ಹಟ್ಟಿಗಳಿಂದ ಬರುತ್ತಾರೆ. ಯಾರೋ ತೀರಿಕೊಂಡಿರಬೇಕು ಎಂದುಕೊಂಡೆ. ಆದರೆ ಮರುದಿನವೂ ಅದೇ ಸಾಲು, ಅದೇ ಮೌನ. ಬೆಳಿಗ್ಗೆ ಟಿಕೆಟ್ ಕೊಡುವವನನ್ನು ಕೇಳಿದೆ, ಹಟ್ಟಿಯಲ್ಲಿ ಯಾರೂ ಸತ್ತಿಲ್ಲ ಎಂದ. ಹಾಗಾದರೆ ಇವರು ಯಾರ ಸಾವಿಗೆ ನಿಂತಿದ್ದಾರೆ? ಇಳಿಯುವವಳು ನಾನೊಬ್ಬಳೇ. ಧೈರ್ಯಸ್ಥೆ ಎಂದು ಕಚೇರಿಯಲ್ಲಿ ಹೆಸರು ಮಾಡಿದವಳು ನಾನು. ಅಂದು ಸಂಜೆ ರೈಲಿನಲ್ಲಿ ಬಾಯಿಗೆ ಬಂದ ದೇವರನ್ನೆಲ್ಲ ನೆನೆದೆ.

ಆ ದಿನ ಅವಳು ಎದುರಿಗಿದ್ದಳು. ವಿಷಯ ಕೇಳಿ, ಸುಸ್ತಿನಲ್ಲೂ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಎಂಗ ಹಟ್ಟಿಯವರು ಅಕ್ಕ! ಎಂಗ ಅವ್ವೆ ಕೂಡ ನಿಂತಿದ್ದಾಳೆ. ಆಫೀಸರ್ ಬಂದು, ಇಲ್ಲಿ ಜನವೇ ಕಾಣೆ, ರೈಲು ಯಾರಿಗೆ ಎಂದರಂತೆ. ಅದಕ್ಕೆ ದೊಡ್ಡವರೆಲ್ಲ ಕೂತು ಮಾತಾಡಿ, ದಿನಾ ಹೋಗಿ ನಿಲ್ಲುದು ಎಂದು ಮುಡಿವು ಮಾಡಿದರು."

"ಹತ್ತದೆ ಸುಮ್ಮನೆ ನಿಲ್ಲುವುದೇ?"

"ಸಾವು ಮನೆಲಿ ನಾವು ಏನ ಮಾಡುದು? ಹೋಗಿ ನಿಲ್ಲುದು. ನಿಂತವರನ್ನ ಊರೆಲ್ಲ ನೋಡುತ್ತೆ, ಮರೆಯದಿಲ್ಲ. ಈ ರೈಲಿಗೂ ಸಾವು ಬಂದಿದೆ ಅಂತ ತಾನೆ ಆಫೀಸರ್ ಹೇಳಿದ್ದು?"

ಅವಳಿಗಾಗಿ, ಅವಳ ಆ ಸಮದಾರಿಗಾಗಿ, ಹಟ್ಟಿಗೆ ಹಟ್ಟಿಯೇ ಮಂಜಿನಲ್ಲಿ ನಿಂತಿತ್ತು. ನನ್ನ ಹಾಳು ಬಾಯಿ ಸುಮ್ಮನಿರಲಿಲ್ಲ. "ರೈಲ್ವೆಯವರು ನೋಡುವುದು ಟಿಕೆಟ್ಟನ್ನು ಕಣೆ, ಮುಖವನ್ನಲ್ಲ" ಎಂದೆ. ಅವಳ ನಗು ನಿಂತುಹೋಯಿತು. "ಹಂಗಾದ್ರೆ ಅವ್ವೆ ನಿಂತದ್ದೆಲ್ಲ ದಂಡವಾ?" ಎಂದು ಕೇಳಿ ಕಿಟಕಿಯ ಕಡೆ ತಿರುಗಿದಳು.

ಮರುದಿನ ಸಂಜೆ ಕೂನೂರಿನಲ್ಲಿ ರೈಲು ಹತ್ತಿದವಳು ಬಾಗಿಲಲ್ಲೇ ನಿಂತೆ. ಬೋಗಿಯ ತುಂಬ ಬಿಳಿಯ ಹೊದಿಕೆಗಳು. ಮಧ್ಯಾಹ್ನವೇ ಇಳಿದು ಬಂದು, ಒಬ್ಬೊಬ್ಬರೂ ಟಿಕೆಟ್ ಕೊಂಡು, ಸಾವಿನ ಮನೆಯಲ್ಲಿ ಕೂರುವಂತೆ ನೆಟ್ಟಗೆ ಕೂತಿದ್ದರು. ಯಾರೂ ಕಿಟಕಿಯ ಹೊರಗೆ ನೋಡಲಿಲ್ಲ. ನನಗೆ ಜಾಗ ಬಿಟ್ಟು ಸರಿದು ಕೂತರು, ಅಷ್ಟೆ. ಸುರಂಗದ ಕತ್ತಲೆಯಲ್ಲಿ ಅಷ್ಟೂ ಬಿಳುಪು ಒಮ್ಮೆಲೇ ಅಳಿಸಿಹೋಗಿ, ಆಚೆ ಬಂದಾಗ ಮತ್ತೆ ಇದ್ದಲ್ಲೇ ಇತ್ತು. ಅವರು ಯಾರೆಂದು ಗೊತ್ತಿದ್ದೂ ನನಗೆ ಮೈ ಜುಮ್ಮೆಂದಿತು. ಇಡೀ ಮಳೆಗಾಲ ಅವರು ಸರದಿಯ ಮೇಲೆ ಹೀಗೆ ಓಡಾಡಿದರು.

ಮಳೆ ನಿಲ್ಲುವ ಹೊತ್ತಿಗೆ ಅವಳು ಆಸ್ಪತ್ರೆಗೆ ಹೋಗುವುದನ್ನು ಬಿಟ್ಟಳು. ಮೈ ತಡೆಯುತ್ತಿಲ್ಲ ಎಂದರು. ಆಮೇಲೆ ಒಂದು ಬೆಳಿಗ್ಗೆ ಹಟ್ಟಿಯಿಂದ ಸುದ್ದಿ ಬಂತು. ರಜೆ ಹಾಕಿ ಹೋದೆ. ಅಂಗಳದ ನಡುವೆ ಮಂಚ, ಸುತ್ತ ಬಿಳಿಯ ಜನ. ಏನು ಮಾಡಬೇಕೆಂದು ತೋಚದೆ ನಾನೂ ಹೋಗಿ ಸಾಲಿನಲ್ಲಿ ನಿಂತೆ. ಅವಳ ಅವ್ವೆ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದರು. ಮಣ್ಣು ಮಾಡುವವರೆಗೂ ನಿಂತಿದ್ದೆ.

ಮರುದಿನ ಕಚೇರಿಗೆ ಹೋದೆ. ಸಂಜೆ ಬೋಗಿಯಲ್ಲಿ ನಾನೊಬ್ಬಳೇ. ಎದುರಿನ ಸೀಟು ಖಾಲಿ. ರೈಲು ಉಳಿಯುತ್ತದೋ ಇಲ್ಲವೋ ಎಂಬ ತೀರ್ಮಾನ ಇನ್ನೂ ಬಂದಿರಲಿಲ್ಲ, ಆದರೆ ನನಗೆ ಅನುಮಾನವೇ ಉಳಿದಿರಲಿಲ್ಲ. ಯಾರಿಗಾಗಿ ಅವರು ಓಡಾಡಿದರೋ ಅವಳೇ ಹೋದಳು. ಒಬ್ಬ ಹೆಂಗಸಿಗಾಗಿ ಬೆಟ್ಟ ಹತ್ತಲು ಯಾವ ರೈಲಿಗೆ ತಲೆಕೆಟ್ಟಿದೆ? ಬರುವ ವಾರದಿಂದ ಕಾಟಿಯೇ ನನ್ನ ಜೊತೆಗಾರ ಎಂದುಕೊಂಡು ಇಳಿದೆ.

ಮಂಜಿನಲ್ಲಿ ಸಾಲು ನಿಂತಿತ್ತು.

ಸುಳ್ಳೇಕೆ ಹೇಳಲಿ, ನನ್ನ ಕಣ್ಣು ಆ ಸಾಲಿನಲ್ಲಿ ಅವಳನ್ನೇ ಹುಡುಕಿತು. ಕೊನೆಯಲ್ಲಿ ಅವಳದೇ ಎತ್ತರ, ಅವಳದೇ ನಿಲುವು, ತಲೆಯ ಮೇಲೆ ಹೊದಿಕೆ. ಹತ್ತಿರ ಹೋಗದೆ ಮನೆಗೆ ದಾರಿಯಿರಲಿಲ್ಲ. ಹೋದೆ. ಅವಳ ಅವ್ವೆ. ಮುಷ್ಟಿ ಬಿಚ್ಚಿ ತೋರಿಸಿದರು, ಬೆವರಿಗೆ ಒದ್ದೆಯಾದ ಟಿಕೆಟ್ಟು.

"ನೀ ಹೇಳಿದಂಗೆ ಚೀಟಿ ತಕ್ಕೊಂಡೆವು. ಸೂತಕ ಇದೆ, ಇವತ್ತು ನಾವು ಊರು ಬಿಟ್ಟು ಹೋಗಂಗಿಲ್ಲೆ, ಅದಕ್ಕೆ ಹತ್ತಲಿಲ್ಲೆ."

"ಅವಳೇ ಇಲ್ಲವಲ್ಲ ಅವ್ವೆ, ಇನ್ನು ಯಾರಿಗೆ ಈ ರೈಲು?"

ಮುದುಕಿ ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡಿದರು.

"ನೀ ಮನೆಗೆ ಬರುದು ಬೇಡವಾ, ಕೂಸು?"

ನಾನು ಅಲ್ಲೇ ಅತ್ತೆ. ಅವರು ತಲೆಯ ಮೇಲೆ ಕೈಯಿಟ್ಟು, "ಹೋಗು, ಹೊತ್ತಾಯ್ತು" ಎಂದರು. ಮೆಟ್ಟಿಲು ಇಳಿದು ಸಾಲು ಮನೆಗಳ ನಡುವೆ ನಡೆದೆ. ಎಲ್ಲ ಕಿಟಕಿಗಳಲ್ಲೂ ಬೆಳಕಿತ್ತು, ಕೋಟು ಕುರ್ಚಿಯ ಮೇಲೆ ಕೂತೇ ಇತ್ತು. ನನ್ನ ಮನೆ ಮಾತ್ರ ಕತ್ತಲು. ಬಾಗಿಲು ತೆಗೆದು, ತಡವರಿಸಿ, ಸ್ವಿಚ್ಚು ಒತ್ತಿದೆ.

ಮಂಜು ಕೊಂಚ ತೆಳುವಾಗಿತ್ತು, ಕಿಟಕಿಯಿಂದ ನೋಡಿದೆ. ರೈಲು ಹೋಗಿ ಎಷ್ಟೋ ಹೊತ್ತಾಗಿತ್ತು, ಅವರು ಇನ್ನೂ ನಿಂತಿದ್ದರು. ನನ್ನ ದೀಪ ಹತ್ತಿದ ಮೇಲೆಯೇ ಹಟ್ಟಿಯ ಕಡೆ ತಿರುಗಿದರು.