ಗೀಸರಿಗೂ ರಾಹುಕಾಲ

ತಲೆ ತುಂಬ ಸೀಗೆಪುಡಿ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಮಣೆಯ ಮೇಲೆ ಕುಳಿತಿದ್ದೇನೆ. ಅಮ್ಮ ಚೊಂಬೆತ್ತಿ ಹುಯ್ದಳು ನೋಡಿ, ಜೀವ ಬಾಯಿಗೆ ಬಂತು. ತಣ್ಣೀರು!

ಹೊರಗೆ ಹಿಮ. ಒಳಗೆ ಹೆರಿಗೆಯಾಗಿ ಹದಿನೇಳು ದಿನವಾದ ನಾನು. (ಎರಡು ವಾರ ಅಂಕಣ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ ಉತ್ತರ: ಹೆಣ್ಣು ಮಗು.)

ಮೈಸೂರಿನಿಂದ ಅಮ್ಮ ಉತ್ತರ ಯುರೋಪಿನ ಈ ಮೋಲ್ನ್‌ಡಾಲ್ ಊರಿಗೆ ಬಂದಿರುವುದೇ ಬಾಣಂತನಕ್ಕೆ. ಎಣ್ಣೆ ತಿಕ್ಕಿ, ಇಪ್ಪತ್ತು ಚೊಂಬು ಸುಡುಸುಡು ನೀರನ್ನು ಬೆನ್ನಿಗೆ ಎರೆದು, ಹೊದಿಸಿ ಮಲಗಿಸಿದರೆ ಮಗಳ ಸೊಂಟ ಗಟ್ಟಿಯಾಗುತ್ತದೆ ಎಂಬುದು ಅವಳ ನಂಬಿಕೆ. ಔಷಧಿ ಲ್ಯಾಬಿನಲ್ಲಿ ಕೆಲಸ ಮಾಡುವ ನಾನು ಇದಕ್ಕೆ ಆಧಾರ ಏನೆಂದು ಹೇಳಲಾರೆ. ನನ್ನ ಬೆನ್ನಿಗಂತೂ ಅದು ಬೇಕು.

"ನೀರು ಯಾಕೆ ಹೀಗಾಯ್ತೇ?" ಅಮ್ಮ ಗಾಬರಿಯಾದಳು. "ಇವರು ದಿನಾ ರಾಹುಕಾಲ ನೋಡಿಯೇ ಗೀಸರ್ ಹಾಕ್ತಾರಲ್ಲ!"

ರಾಹುಕಾಲ? ನನ್ನ ಗಂಡ ರಘು?

ವಿಷಯ ಇಷ್ಟು. ರಘು ಬೆಳಗ್ಗೆ ಎದ್ದ ಕೂಡಲೇ ಫೋನಿನಲ್ಲಿ ಕೆಂಪು, ಹಸಿರು ಪಟ್ಟಿಗಳನ್ನು ನೋಡುತ್ತಾನೆ. ಕೆಂಪಿದ್ದರೆ ಗೀಸರ್ ಆಫ್, ಹಸಿರಿದ್ದರೆ ಆನ್. ಅಮ್ಮ ಅದನ್ನು ಪಂಚಾಂಗ ಅಂದುಕೊಂಡಿದ್ದಳು. ಸಾಫ್ಟ್‌ವೇರ್ ಅಳಿಯ ದೇಶ ಬಿಟ್ಟರೂ ಆಚಾರ ಬಿಟ್ಟಿಲ್ಲ ಎಂದು ಮೈಸೂರಿನ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿಯೂ ಆಗಿತ್ತು. ಪಂಚಾಂಗವೂ ಇಲ್ಲ, ಮಣ್ಣೂ ಇಲ್ಲ. ಅದು ಕರೆಂಟಿನ ರೇಟ್ ತೋರಿಸುವ ಆ್ಯಪ್. ಇಲ್ಲಿ ಹೊತ್ತಿಗೊಂದು ರೇಟು. ಚಳಿ ಜೋರಾಗಿ, ಗಾಳಿ ನಿಂತು ಗಾಳಿಯಂತ್ರಗಳೂ ನಿಂತರೆ ಬೆಳಗಿನ ಹೊತ್ತು ಪೂರಾ ಕೆಂಪು, ಅಂದರೆ ತುಟ್ಟಿ.

ರಘು ಬಾತ್‌ರೂಮಿನ ಬಾಗಿಲಾಚೆಯಿಂದಲೇ ಹೇಳಿದ: "ಸಾರಿ ಅತ್ತೆ, ಇವತ್ತು ರೇಟ್ ಸಿಕ್ಕಾಪಟ್ಟೆ ಇದೆ. ಹನ್ನೆರಡರ ಮೇಲೆ ಕಮ್ಮಿ ಆಗುತ್ತೆ. ಮಗೂ ಸ್ನಾನ ಆಗ ಇಟ್ಕೊಳ್ಳೋಣ್ವಾ?"

"ಮಗೂಗೆ ಎಷ್ಟು ಗಂಟೆಗೆ ಹಸಿವಾಗ್ಬೇಕು ಅಂತಾನೂ ಅದರಲ್ಲಿ ತೋರಿಸುತ್ತಾ, ನೋಡಿ," ಅಂದಳು ಅಮ್ಮ.

ಹೇಳಿದವಳೇ ಅಡುಗೆಮನೆಗೆ ಓಡಿ ಇಂಡಕ್ಷನ್ ಒಲೆಯ ಮೇಲೆ ಮೂರು ಪಾತ್ರೆ ನೀರಿಟ್ಟಳು. ಅದೂ ಅದೇ ಕರೆಂಟು, ಅದೇ ರೇಟು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅವತ್ತು ಹಲ್ಲು ಕಟಕಟ ಅನ್ನುತ್ತಿತ್ತು, ಮೈಯೆಲ್ಲ ಉರಿಯುವಷ್ಟು ಸಿಟ್ಟು. ರಘು ಜಿಪುಣನಲ್ಲ. ಮನೆ ಬೆಚ್ಚಗಾಗುವುದೂ ಕರೆಂಟಿನಿಂದಲೇ, ನಾನು ರಜೆಯಲ್ಲಿದ್ದೇನೆ, ಅವನಿಗೆ ಬಿಲ್ಲಿನ ಭಯ. ಆದರೆ ಹಸಿ ಬಾಣಂತಿಯ ತಲೆಗೆ ತಣ್ಣೀರು ಬೀಳುವಷ್ಟು ಭಯವೇ?

ಮಧ್ಯಾಹ್ನ ಪಕ್ಕದ ಮನೆಯ ಲೆನ್ನಾರ್ಟ್ ಮಗುವನ್ನು ನೋಡಲು ಬಂದರು. ಉತ್ತರದ ಕಡೆ ಅಣೆಕಟ್ಟಿನ ವಿದ್ಯುತ್ ಕೇಂದ್ರದಲ್ಲಿ ದುಡಿದು ರಿಟೈರ್ ಆದವರು. "ಈ ದೇಶದಲ್ಲಿ ಕರೆಂಟಿಗೆ ಬರಗಾಲವಾ, ಕೇಳೇ," ಅಂದಳು ಅಮ್ಮ. ಕೇಳಿದೆ.

"ಬರಗಾಲವೇ? ನಾವು ಹೊರದೇಶಕ್ಕೆ ಮಾರುತ್ತೇವೆ!" ಲೆನ್ನಾರ್ಟ್ ಎದೆ ಉಬ್ಬಿಸಿದರು. ಆಮೇಲೆ ದನಿ ತಗ್ಗಿಸಿ, ತಾನೂ ಬೆಳಗಿನ ಸ್ನಾನ ಬಿಟ್ಟು ಎರಡು ವರ್ಷವಾಯಿತು ಎಂದರು. ಜೀವಮಾನವೆಲ್ಲ ಕರೆಂಟ್ ತಯಾರಿಸಿದ ಮನುಷ್ಯ ಈಗ ಮನೆಯೊಳಗೂ ಉಣ್ಣೆ ಟೋಪಿ ತೆಗೆಯುವುದಿಲ್ಲ.

"ಹೆಚ್ಚಾಗಿದ್ದನ್ನ ಮಾರ್ತಾರೆ, ಸರಿ," ಅಂದಳು ಅಮ್ಮ. "ಮನೆಯವರಿಗೂ ಅದೇ ರೇಟು ಹಾಕೋದು ಯಾಕೆ?"

ಯುರೋಪಿನ ತಂತಿಗಳೆಲ್ಲ ಒಂದಕ್ಕೊಂದು ಸೇರಿಕೊಂಡಿವೆ, ಜರ್ಮನಿಯಲ್ಲಿ ಕರೆಂಟ್ ತಯಾರಿಸುವ ಗ್ಯಾಸ್ ತುಟ್ಟಿಯಾದರೆ ಅದರ ಬಿಸಿ ನಮ್ಮ ಗೀಸರಿಗೂ ತಟ್ಟುತ್ತದೆ ಎನ್ನಲೇ? ಗ್ಯಾಸ್ ರಫ್ತು ಮಾಡುವ ದೇಶಗಳಲ್ಲೂ ಇದೇ ಗೋಳು. ಹಡಗು ಹಡಗೇ ತುಂಬಿ ಕಳಿಸುತ್ತಾರೆ. ಊರೊಳಗಿನವಳು ಒಲೆ ಹಚ್ಚಬೇಕಾದರೆ ಹೊರಗಿನವರ ಜೊತೆ ಹರಾಜಿಗೆ ನಿಲ್ಲಬೇಕು.

ಮಾರಬೇಡಿ ಅಂತ ಯಾರು ಹೇಳಿದರು? ಮನೆಗೆ ಬೇಕಾದಷ್ಟನ್ನು ಮನೆಯವರ ಕೈಗೆಟುಕುವ ರೇಟಿಗೆ ಎತ್ತಿಟ್ಟು, ಮಿಕ್ಕಿದ್ದನ್ನು ಧಾರಾಳವಾಗಿ ಮಾರಿ. ಇಷ್ಟು ಹೇಳಿದರೆ ಸಾಕು, "ನಿಮಗೆ ಮಾರ್ಕೆಟ್ ಅರ್ಥ ಆಗಲ್ಲ" ಎಂದು ಪಾಠ ಶುರು. (ಹೇಳುವವರು ಬಿಸಿನೀರಿನಲ್ಲೇ ಸ್ನಾನ ಮಾಡಿ ಬಂದಿರುತ್ತಾರೆ.)

ಸಂಜೆ ರಘು ಜೊತೆ ಜಗಳವಾಡಿದೆ. ಅತ್ತುಬಿಟ್ಟೆ, ಕಿರುಚಿದೆ. ಅವನು ಫೋನ್ ತೆಗೆದು ಗೀಸರಿನ ಟೈಮರ್ ಅಳಿಸಿ, ಅಮ್ಮನ ಕಡೆ ತಿರುಗಿದ. "ಇನ್ಮೇಲೆ ಗೀಸರ್ ಇಡೀ ದಿನ ಆನ್ ಇರುತ್ತೆ ಅತ್ತೆ. ಎಷ್ಟು ಬೇಕಾದ್ರೂ ಹಾಕಿ," ಅಂದ. ಗೆದ್ದೆ ಅಂದುಕೊಂಡೆ.

ಮರುದಿನ ನೀರು ಹೊಗೆಯಾಡುತ್ತಿತ್ತು. ಎಂಟನೇ ಚೊಂಬಿಗೆ ಅಮ್ಮ ನಲ್ಲಿ ನಿಲ್ಲಿಸಿಬಿಟ್ಟಳು. ಇನ್ನೂ ಹಾಕಮ್ಮ, ಸೊಂಟ ನೋಯುತ್ತಿದೆ ಅಂದೆ.

"ಸಾಕು ಬಿಡೇ. ಪಾಪ, ಅವರಿಗೂ ಕಷ್ಟ," ಎಂದು ಟವೆಲ್ ಸುತ್ತಿದಳು.

ಊರಿಗೆಲ್ಲ ಕರೆಂಟ್ ಮಾರುವ ದೇಶದಲ್ಲಿ ನನ್ನಮ್ಮ ಬಾಣಂತಿ ಮಗಳ ಬೆನ್ನಿಗೆ ನೀರನ್ನು ಎಣಿಸಿ ಎರೆಯುತ್ತಿದ್ದಾಳೆ. ನಾಚಿಕೆ ಯಾರಿಗಾಗಬೇಕು?