ಕೆನೆ ಕಾಯುವ ಅಕ್ಕ

ಬೆಳಗಿನ ಐದೂವರೆ. ಆಸ್ಪತ್ರೆಯ ಮೂರನೇ ಮಹಡಿಯ ತುದಿಯಲ್ಲಿರುವ ಪುಟ್ಟ ಕೋಣೆಯಲ್ಲಿ ಹೆಂಗಸೊಬ್ಬರು ಪೊರಕೆ ಕಡ್ಡಿಯಷ್ಟು ಸಣ್ಣ ಗಾಜಿನ ಕೊಳವೆಯನ್ನು ಟ್ಯೂಬ್‌ಲೈಟಿಗೆ ಎದುರಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾರೆ. ಕೊಳವೆಯೊಳಗೆ ಹಾಲಿದೆ. ಯಂತ್ರದಲ್ಲಿಟ್ಟು ಗಿರಗಿರನೆ ತಿರುಗಿಸಿದ್ದರಿಂದ ಕೆನೆಯೆಲ್ಲ ಒಂದು ತುದಿಗೆ ಸೇರಿ, ಅಲ್ಲೊಂದು ಹಳದಿ ಗೆರೆ ಮೂಡಿದೆ. ಅವರು ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಗೆರೆಯ ಉದ್ದ ನೋಡುತ್ತಾರೆ.

"ಏಳು. ನೂರಕ್ಕೆ ಏಳು ಪಾಲು ಕೆನೆ. ಬಂಗಾರದಂಥ ಹಾಲು ಇದು," ಎಂದು, ಅವರ ಕೆಲಸದ ಬಗ್ಗೆ ಬರೆಯಲು ಬಂದ ನನಗೂ ತೋರಿಸುತ್ತಾರೆ. ನನಗೆ ಕಾಣುವುದು ಬರೀ ಗಾಜು.

ಇದು ಹಾಲಿನ ಕೋಣೆ. ಗೋಡೆಯಾಚೆ ಗಾಜಿನ ಪೆಟ್ಟಿಗೆಗಳಲ್ಲಿ, ತಿಂಗಳು ತುಂಬುವ ಮೊದಲೇ ಹುಟ್ಟಿದ ಹನ್ನೊಂದು ಮಕ್ಕಳು ಮಲಗಿವೆ. ಅವಕ್ಕೆ ಇನ್ನೂ ಚೀಪಿ ಕುಡಿಯಲು ಬರುವುದಿಲ್ಲ. ತಾಯಂದಿರು ಹಿಂಡಿಕೊಟ್ಟ ಹಾಲು ಈ ಕೋಣೆಗೆ ಬಂದು, ಅಳತೆಯಾಗಿ, ಹೆಸರಿನ ಚೀಟಿ ಅಂಟಿಸಿಕೊಂಡು, ದಪ್ಪ ಸಿರಿಂಜುಗಳಲ್ಲಿ ತುಂಬಿ, ಸಣ್ಣ ನಳಿಕೆಯ ಮೂಲಕ ಮಗುವಿನ ಹೊಟ್ಟೆ ಸೇರುತ್ತದೆ. ಎರಡು ಗಂಟೆಗೊಮ್ಮೆ ಒಂದು ಸಿರಿಂಜು ಎಂದರೆ ದಿನಕ್ಕೆ ನೂರಾ ಮೂವತ್ತೆರಡು. ಬಳಸಿದ್ದನ್ನು ತೊಳೆದು ಹಬೆಯಲ್ಲಿಟ್ಟು ಮತ್ತೆ ಸಿದ್ಧ ಮಾಡಬೇಕು. ಅರ್ಧಕ್ಕಿಂತ ಹೆಚ್ಚು ಇವರೊಬ್ಬರ ಕೈಯಲ್ಲೇ ತೊಳೆದು ಬರುತ್ತವೆ. ಡಾಕ್ಟರಿಂದ ಹಿಡಿದು ಲಿಫ್ಟ್ ನಡೆಸುವವರವರೆಗೆ ಎಲ್ಲರೂ ಇವರನ್ನು ಕರೆಯುವುದು ಕೆನೆಯಕ್ಕ ಎಂದೇ. ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಅವರು ಇಂದಿಗೂ 'ಸಹಾಯಕಿ'.

ಕೊಬ್ಬು ಎಂದರೆ ಮೂಗು ಮುರಿಯುವ ಕಾಲ ಇದು. ನಾನೇನೂ ಇದಕ್ಕೆ ಹೊರತಲ್ಲ. ನನ್ನ ರಕ್ತ ಪರೀಕ್ಷೆಯ ಚೀಟಿಯಲ್ಲಿ ಕೊಲೆಸ್ಟರಾಲ್ ಎದುರಿಗೆ ಕೆಂಪು ಗೆರೆ ಬಿದ್ದು ಎರಡು ವರ್ಷವಾಯಿತು. ಕೆನೆಯಕ್ಕನ ಯಜಮಾನರದ್ದೂ ಇದೇ ಪಾಡು. "ಮನೇಲಿ ಅವರ ತಟ್ಟೆಯಿಂದ ಎಣ್ಣೆ ಹಿಂಡಿ ತೆಗೀತೀನಿ, ಇಲ್ಲಿ ಬಂದು ಒಂದು ತೊಟ್ಟೂ ಹೋಗದ ಹಾಗೆ ಕಾಯ್ತೀನಿ. ಅವರು ಕೇಳ್ತಾರೆ, ನಾನೂ ಆ ಗಾಜಿನ ಪೆಟ್ಟಿಗೇಲಿ ಹೋಗಿ ಮಲಗ್ಲಾ ಅಂತ," ಎಂದು ನಗುತ್ತಾರೆ.

ಹತ್ತನೇ ತರಗತಿಗೆ ಶಾಲೆ ಬಿಟ್ಟವರು ಇವರು. ಮೊದಲ ಎಂಟು ವರ್ಷ ಇದೇ ಮಹಡಿಯ ನೆಲ ಒರೆಸಿದರು. ಹಾಲಿನ ಕೋಣೆಗೆ ಬಂದು ಈಗ ಹನ್ನೆರಡು ವರ್ಷ. ಕೆಲಸದ ಹಿಂದಿನ ವಿಜ್ಞಾನ ಹೇಳಿಕೊಟ್ಟವಳು ಕಾಲೇಜಿಗೆ ಹೋಗುವ ಮಗಳು. ಒಂದು ಸಂಜೆ ಅಡುಗೆಮನೆಯಲ್ಲಿ ಹಳೇ ಕ್ಯಾಲೆಂಡರಿನ ಹಿಂಬದಿಗೆ ಅವಳು ಬಿಡಿಸಿದ ಚಿತ್ರವನ್ನು ಅಕ್ಕ ಇಲ್ಲಿನ ಬೀರುವಿನ ಬಾಗಿಲಿಗೆ ಅಂಟಿಸಿದ್ದಾರೆ. ಕೊಬ್ಬಿನ ಒಂದು ಕಣದ ಚಿತ್ರ ಅದು: ಒಂದು ದುಂಡು ತಲೆ, ಅದಕ್ಕೆ ಎರಡು ಬಾಲ.

"ತಲೆಗೆ ನೀರು ಇಷ್ಟ, ಬಾಲಕ್ಕೆ ಆಗಲ್ಲ. ಅದಕ್ಕೇ ಇವು ಎರಡು ಸಾಲಾಗಿ ನಿಂತ್ಕೊಂಡು ಬಾಲಗಳನ್ನೆಲ್ಲ ಒಳಗಡೆ ಬಚ್ಚಿಟ್ಕೊಳ್ತವೆ, ತಲೆ ಮಾತ್ರ ಹೊರಗಡೆ. ನಮ್ಮ ಮೈಯಲ್ಲಿರೋ ಒಂದೊಂದು ಜೀವಕೋಶಕ್ಕೂ ಇದೇ ಬೇಲಿಯಂತೆ. ನಾನು ಕೇಳ್ದೆ, ಸೋಪಿನದ್ದೂ ಹೀಗೇನಾ ಅಂತ. ಹೂಂ ಅಮ್ಮ, ಹೆಚ್ಚುಕಮ್ಮಿ ಹೀಗೇ, ಬಾಲ ಜಿಡ್ಡು ಹಿಡ್ಕೊಳ್ಳುತ್ತೆ, ತಲೆ ನೀರಿನ ಜೊತೆ ಹೋಗುತ್ತೆ ಅಂದ್ಳು. ಇಪ್ಪತ್ತು ವರ್ಷ ಸೋಪಲ್ಲಿ ಕೈ ಇಟ್ಟವಳಿಗೆ ಆವತ್ತು ಗೊತ್ತಾಯ್ತು ನೋಡಿ."

ಉಳಿದದ್ದನ್ನು ವಾರ್ಡಿನ ಡಾಕ್ಟರಮ್ಮ ನನಗೆ ವಿವರಿಸುತ್ತಾರೆ. ಶ್ವಾಸಕೋಶದ ಗಾಳಿಚೀಲಗಳು ಉಸಿರು ಬಿಟ್ಟಾಗ ಮುದುಡಿ ಅಂಟಿಕೊಳ್ಳದಂತೆ ತಡೆಯುವುದು ಒಂದು ತೆಳು ಕೊಬ್ಬಿನ ಲೇಪ. ಬೇಗ ಹುಟ್ಟಿದ ಮಕ್ಕಳಲ್ಲಿ ಅದು ಸಾಕಷ್ಟಿರುವುದಿಲ್ಲ. ನೀರು ತೆಗೆದು ತೂಗಿದರೆ ಮೆದುಳಿನ ಅರ್ಧಕ್ಕಿಂತ ಹೆಚ್ಚು ಪಾಲು ಕೊಬ್ಬೇ. ನರಗಳ ಮೇಲಿನ ಹೊದಿಕೆಯೂ ಅದೇ. ನಾವು ಬೈಯುವ ಕೊಲೆಸ್ಟರಾಲ್ ಇಲ್ಲದೆ ಕೆಲವು ಹಾರ್ಮೋನುಗಳು ಹುಟ್ಟುವುದೇ ಇಲ್ಲ. ಚರ್ಮದಡಿಯ ಕೊಬ್ಬು ತುಂಬುವ ಮೊದಲೇ ಹೊರಬಂದ ಮಗುವಿಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಬಾರದು, ಅದಕ್ಕೇ ಆ ಗಾಜಿನ ಪೆಟ್ಟಿಗೆ. ಹಾಲಿನ ಶಕ್ತಿಯ ಸುಮಾರು ಅರ್ಧ ಬರುವುದು ಕೆನೆಯಿಂದ. ಇಷ್ಟು ಕೇಳಿದ ಮೇಲೆ ನನ್ನ ಕೆಂಪು ಗೆರೆಯ ಮೇಲಿದ್ದ ಸಿಟ್ಟು ಸ್ವಲ್ಪ ಕಡಿಮೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ.

ನಾನು ಇಲ್ಲಿಗೆ ಬಂದ ಸೋಮವಾರ ವಾರ್ಡಿನವರ ಚಿಂತೆಯೆಲ್ಲ ಮೂಲೆಯ ಪೆಟ್ಟಿಗೆಯ ಹೆಣ್ಣುಮಗುವಿನದು. ತೂಕ ಸಾವಿರದ ನೂರಾ ತೊಂಬತ್ತು ಗ್ರಾಂ. ದಿನಕ್ಕೆ ಇಪ್ಪತ್ತು ಗ್ರಾಂ ಏರಬೇಕಾದದ್ದು ಆರು ದಿನಕ್ಕೆ ಏರಿದ್ದು ಹನ್ನೆರಡೇ ಗ್ರಾಂ. ಜ್ವರವಿಲ್ಲ, ಸೋಂಕಿಲ್ಲ. ಶುಕ್ರವಾರದವರೆಗೆ ನೋಡಿ, ಆಮೇಲೆ ಮತ್ತೆ ರಕ್ತನಾಳಕ್ಕೆ ಸೂಜಿ ಹಾಕಿ ಪೋಷಣೆ ಕೊಡುವುದೆಂದು ಡಾಕ್ಟರಮ್ಮ ಹೇಳಿಯಾಗಿದೆ. ಹಿಂದೆ ಹಾಕಿದ್ದ ಸೂಜಿಯ ನೀಲಿ ಗುರುತು ಮಗುವಿನ ಎರಡೂ ಕೈಗಳಲ್ಲಿ ಇನ್ನೂ ಮಾಸಿಲ್ಲ.

ಮಗುವಿನ ತಾಯಿ ಇಪ್ಪತ್ತೆರಡರ ಹುಡುಗಿ. ಬಾಟಲಿ ಕೊಡಲು ಬಂದವಳು ಬಾಗಿಲಲ್ಲೇ ನಿಂತುಬಿಡುತ್ತಾಳೆ.

"ಅಕ್ಕಾ, ನಾಳೆಯಿಂದ ನಾನು ಹಿಂಡಲ್ಲ. ನನ್ನ ಹಾಲು ಬರೀ ನೀರಂತೆ. ಅತ್ತೇನೂ ಹಾಗೇ ಅಂತಾರೆ. ಬೇರೆ ಯಾರದ್ದಾದ್ರೂ ಕೊಡಿ."

"ಯಾರು ಅಳೆದು ನೋಡಿದ್ರಂತೆ? ನಿಮ್ಮತ್ತೆ ಹತ್ರ ಈ ಮಿಷಿನ್ ಇದೆಯಾ?" ಕೆನೆಯಕ್ಕ ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಅವಳ ಹಾಲನ್ನು ಅವಳ ಕಣ್ಣೆದುರೇ ಅಳೆಯುತ್ತಾರೆ. ಏಳು. ಮತ್ತೊಮ್ಮೆ ಅಳೆದರೂ ಏಳು. ಹುಡುಗಿ ಅರ್ಧಂಬರ್ಧ ನಂಬಿ ಹೊರಡುತ್ತಾಳೆ.

ಅವಳು ಹೋದ ಮೇಲೆ ಅಕ್ಕ ತಮ್ಮ ಕೆಲಸಕ್ಕೆ ಮರಳುತ್ತಾರೆ. ಸಿಂಕಿನ ಮುಂದೆ ನಿಂತು ರಾತ್ರಿಯ ಸಿರಿಂಜುಗಳನ್ನು ತೊಳೆಯತೊಡಗುತ್ತಾರೆ. ಒಂದೊಂದು ಮಗುವಿನದು ಒಂದೊಂದು ಬುಟ್ಟಿ. ಮೂಲೆ ಮಗುವಿನ ಬುಟ್ಟಿಗೆ ಬಂದಾಗ ಕೈ ನಿಲ್ಲುತ್ತದೆ. ಹೆಬ್ಬೆರಳು, ತೋರುಬೆರಳು ಉಜ್ಜಿ ನೋಡಿಕೊಳ್ಳುತ್ತಾರೆ. ಮತ್ತೆ ಸೋಪು ಹಾಕುತ್ತಾರೆ.

"ಒಂದು ವಾರದಿಂದ ಈ ಬುಟ್ಟಿಗೆ ಮಾತ್ರ ಜಿಡ್ಡು ಹೋಗೋಕೆ ಎರಡು ಸಲ ಸೋಪು ಬೇಕಾಗ್ತಿದೆ. ಸೋಪೇ ಸರಿಯಿಲ್ಲ ಅಂದ್ಕೊಂಡಿದ್ದೆ. ಎಂಥ ದಡ್ಡಿ ನಾನು," ಎನ್ನುತ್ತಾರೆ.

ಉಳಿದ ಹತ್ತು ಮಕ್ಕಳಿಗೆ ನರ್ಸುಗಳು ಸಿರಿಂಜನ್ನು ನೆಟ್ಟಗೆ ಹಿಡಿದು, ಹಾಲು ತಾನಾಗಿ ಇಳಿಯುವಂತೆ ಕೊಡುತ್ತಾರೆ. ಐದು ನಿಮಿಷದ ಕೆಲಸ. ಮೂಲೆ ಮಗು ಬೇಗ ಕೊಟ್ಟರೆ ಕಕ್ಕುವುದರಿಂದ, ಅದಕ್ಕೆ ಒಂದು ಪಂಪು ಒಂದೂವರೆ ಗಂಟೆ ನಿಧಾನವಾಗಿ ತಳ್ಳುತ್ತದೆ. ಆ ಪಂಪು ಒಂದು ವಾರದ ಹಿಂದೆ ಬಂದ ಹೊಸದು, ಅದರಲ್ಲಿ ಸಿರಿಂಜು ಅಡ್ಡ ಮಲಗುತ್ತದೆ. ಅಷ್ಟು ಹೊತ್ತು ಅಲುಗಾಡದ ಹಾಲಿನಲ್ಲಿ ಕೆನೆ ತೇಲಿ ಮೇಲಕ್ಕೆ ಬರುತ್ತದೆ, ಸಿರಿಂಜಿನ ಗೋಡೆಗೆ ಅಂಟುತ್ತದೆ. ತಿಳಿಹಾಲು ಮಗುವಿಗೆ, ಕೆನೆ ಅಕ್ಕನ ಸಿಂಕಿಗೆ.

ಇದನ್ನು ಡಾಕ್ಟರಮ್ಮನಿಗೆ ಹೇಳಬೇಕಲ್ಲ. ಅಕ್ಕ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾರೆ, ಬಾಗಿಲವರೆಗೆ ಹೋಗುತ್ತಾರೆ, ವಾಪಸ್ ಬರುತ್ತಾರೆ. ಆಗ ನನಗೊಂದು ಹಳೇ ಸಂಗತಿ ಹೇಳುತ್ತಾರೆ. ಈ ಕೋಣೆ ಸೇರಿದ ಎರಡನೇ ವಾರ, ಫ್ರಿಜ್ಜಿನಿಂದ ತೆಗೆದ ಒಬ್ಬ ತಾಯಿಯ ಬಾಟಲಿಗಳ ಮೇಲ್ಗಡೆ ಹಳದಿ ಪದರ ಕಟ್ಟಿತ್ತು. ಹಾಲು ಕೆಟ್ಟಿದೆ ಎಂದುಕೊಂಡು, ಐದು ಬಾಟಲಿಗಳ ಪದರವನ್ನೂ ಚಮಚದಲ್ಲಿ ನೀಟಾಗಿ ತೆಗೆದು ಚೆಲ್ಲಿದರಂತೆ. ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನ ಬೇರೆ.

"ಆ ತಾಯಿ ಜ್ವರದಲ್ಲಿ ಎದ್ದು ಕೂತು ಹಿಂಡಿದ ಹಾಲು ಅದು. ಅದು ಕೆನೆ ಅಂತ ತಿಂಗಳು ಕಳೆದ ಮೇಲೆ ಗೊತ್ತಾಯ್ತು. ಮಗು ಚೆನ್ನಾಗೇ ಮನೆಗೆ ಹೋಯ್ತು, ನಿಜ. ಆದ್ರೆ ನಾನು ಯಾರಿಗೂ ಹೇಳ್ಲಿಲ್ಲ. ನೆಲ ಒರೆಸೋಕೆ ವಾಪಸ್ ಕಳಿಸಿಬಿಡ್ತಾರೆ ಅನ್ನೋ ಭಯ." ಹೀಗೆಂದವರು ಸ್ವಲ್ಪ ಹೊತ್ತು ಬೀರುವಿನ ಮೇಲಿನ ಚಿತ್ರವನ್ನೇ ನೋಡುತ್ತಾರೆ. ಆಮೇಲೆ ಎರಡು ಗಾಜಿನ ಕೊಳವೆ ಎತ್ತಿಕೊಂಡು ಹೊರಡುತ್ತಾರೆ.

ಒಂದರಲ್ಲಿ ಸಿರಿಂಜಿಗೆ ತುಂಬುವ ಹಾಲು, ಇನ್ನೊಂದರಲ್ಲಿ ನರ್ಸಮ್ಮನಿಂದ ಹಿಡಿಸಿಕೊಂಡ, ನಳಿಕೆಯ ತುದಿಯಿಂದ ತೊಟ್ಟಿಕ್ಕಿದ ಹಾಲು. ಎರಡನ್ನೂ ಅಳೆದು, ಡಾಕ್ಟರಮ್ಮನ ಮೇಜಿನ ಮೇಲೆ ಅಕ್ಕಪಕ್ಕ ಇಡುತ್ತಾರೆ.

"ಡಾಕ್ಟ್ರೇ, ಇಲ್ಲಿಂದ ಹೊರಟಿದ್ದು ಏಳು. ಮಗು ಹತ್ರ ತಲುಪಿದ್ದು ನಾಲ್ಕು."

ಡಾಕ್ಟರಮ್ಮ ಎರಡು ಸಲ ನೋಡುತ್ತಾರೆ. ಎದ್ದು ವಾರ್ಡಿಗೆ ಹೋಗಿ, ಒಂದು ಟವೆಲ್ ಮಡಚಿ ಪಂಪಿನ ಒಂದು ಬದಿಗೆ ಒತ್ತುಕೊಟ್ಟು, ಸಿರಿಂಜಿನ ಮೂತಿ ಮೇಲಾಗುವಂತೆ ವಾಲಿಸುತ್ತಾರೆ. ಈಗ ತೇಲಿಬರುವ ಕೆನೆ ಮೂತಿಯ ಹತ್ತಿರವೇ ಸೇರಿ ಮೊದಲು ಹೊರಡುತ್ತದೆ. ನಳಿಕೆಯನ್ನೂ ಗಿಡ್ಡ ಮಾಡಿಸುತ್ತಾರೆ, ಅಂಟಿಕೊಳ್ಳುವ ಜಾಗ ಕಡಿಮೆಯಾಗಲೆಂದು. ಬಾಗಿಲಾಚೆ ನಿಂತಿದ್ದ ಹುಡುಗಿ ಅಕ್ಕನ ಮುಖ ನೋಡುತ್ತಾಳೆ.

"ನಿನ್ನ ಹಾಲು ನೀರಾಗಿದ್ದಿದ್ರೆ ನಂಗೆ ಸೋಪೇ ಬೇಕಾಗ್ತಿರ್ಲಿಲ್ಲ ಕಣಮ್ಮ," ಎನ್ನುತ್ತಾರೆ ಅಕ್ಕ. "ಹೋಗು, ಹಿಂಡು. ಕೊನೇಲಿ ಬರೋದೇ ಗಟ್ಟಿ, ಅರ್ಧಕ್ಕೇ ನಿಲ್ಲಿಸಬೇಡ."

ಮಂಗಳವಾರ ತೂಕ ಏರುವುದಿಲ್ಲ. ಬುಧವಾರ ಎಂಟು ಗ್ರಾಂ. ಅಷ್ಟಕ್ಕೆ ಏನೂ ಹೇಳಲಾಗದು ಎನ್ನುತ್ತಾರೆ ಡಾಕ್ಟರಮ್ಮ. ಅಕ್ಕ ಎಂದಿನಂತೆ ಚೀಟಿ ಅಂಟಿಸುತ್ತಾರೆ, ಎಂದಿನಂತೆ ತಣ್ಣಗಾದ ಟೀ ಕುಡಿಯುತ್ತಾರೆ. ಇಷ್ಟು ವರ್ಷದಲ್ಲಿ ಒಂದು ಮಗುವನ್ನೂ ಎತ್ತಿಕೊಂಡಿಲ್ಲ ಇವರು. ಹಾಲಿನ ಕೋಣೆಯವರಿಗೆ ಗಾಜಿನ ಬಾಗಿಲಿನಾಚೆ ಪ್ರವೇಶವಿಲ್ಲ. ಬೇಸರವಿಲ್ಲವೇ ಎಂದು ಕೇಳಿದರೆ, "ಎತ್ಕೊಳ್ಳೋಕೆ ಅವರಮ್ಮಂದಿರು ಇಲ್ವಾ?" ಎಂದು ನನ್ನನ್ನೇ ಕೇಳುತ್ತಾರೆ.

ಗುರುವಾರ ಐದೂವರೆಗೆ ನಾನು ಬರುವಷ್ಟರಲ್ಲಿ ಅಕ್ಕ ಸಿಂಕಿನ ಮುಂದಿದ್ದಾರೆ. ಮೂಲೆ ಮಗುವಿನ ಬುಟ್ಟಿ ಆಗಲೇ ತೊಳೆದು ಬೋರಲು ಹಾಕಿಯಾಗಿದೆ. ಅವರು ಮುಂದಿನ ಬುಟ್ಟಿಗೆ ಕೈ ಹಾಕುತ್ತಾರೆ.

ಆರೂ ಕಾಲಿಗೆ ನರ್ಸಮ್ಮ ತೂಕದ ಹಾಳೆ ಹಿಡಿದು ಬರುತ್ತಾರೆ, ಹಿಂದೆಯೇ ಆ ಹುಡುಗಿ. ಒಂದೇ ದಿನಕ್ಕೆ ಇಪ್ಪತ್ತಾರು ಗ್ರಾಂ. ನಾಳೆಯ ಸೂಜಿ ಬೇಡವೆಂದು ಡಾಕ್ಟರಮ್ಮ ಹೇಳಿದ್ದಾರೆ. ಹುಡುಗಿ ಬೆಚ್ಚಗಿನ ಬಾಟಲಿಯನ್ನು ಅಕ್ಕನ ಒದ್ದೆ ಕೈಗಿಡುತ್ತಾಳೆ.

ಅಕ್ಕ ಹಾಳೆಯತ್ತ ಕಣ್ಣೂ ಹಾಯಿಸುವುದಿಲ್ಲ. ಬಾಟಲಿಗೆ ಚೀಟಿ ಅಂಟಿಸುತ್ತಾ ಹೇಳುತ್ತಾರೆ:

"ನಂಗೆ ಆಗಲೇ ಗೊತ್ತಾಗಿತ್ತು. ಇವತ್ತು ಒಂದೇ ಸಲ ಸೋಪು ಸಾಕಾಯ್ತು."