ಬಟ್ಟಲು ಸಾಹೇಬರು
ಬೆಕ್ಕಿನ ಆಹಾರದ ಕಂಪನಿಯಲ್ಲಿ ರುಚಿ ಪರೀಕ್ಷಿಸುವ ಬಟ್ಟಲು ಸಾಹೇಬರ ಹತ್ತಿರ ಬಾಯಿಮಾತಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ. ಪ್ರತಿ ಬೆಕ್ಕಿನ ಮುಂದೆ ಎರಡು ಬಟ್ಟಲಿಟ್ಟು, ಅದು ಮೊದಲು ಯಾವುದನ್ನು ಮೂಸಿತು, ಕೊನೆಗೆ ಯಾವುದರಲ್ಲಿ ಎಷ್ಟು ಮಿಕ್ಕಿತು ಎಂದು ತೂಗಿ ನೋಡುವುದೇ ಅವರ ಕೆಲಸ. "ಬೆಕ್ಕಿಗೆ ಸಿಹೀನೂ ಗೊತ್ತಾಗಲ್ಲ, ದಾಕ್ಷಿಣ್ಯಾನೂ ಗೊತ್ತಾಗಲ್ಲ. ಅದಕ್ಕೇ ನಂಬಬಹುದು" ಎನ್ನುತ್ತಾರೆ. ನೆಂಟರ ಮನೆಯ ಊಟದಲ್ಲೂ ಎಲ್ಲರ ತಟ್ಟೆಗೆ ಇಣುಕುವ ಚಾಳಿ; ಅಡುಗೆಯನ್ನು ಬಾಯ್ತುಂಬ ಹೊಗಳುತ್ತಿದ್ದ ಭಾವನಿಗೆ, "ಮತ್ತೆ ಬದನೆಕಾಯಿ ಯಾಕೆ ಮೂಲೆ ಸೇರಿದೆ?" ಎಂದು ಕೇಳಿ ಹೆಂಡತಿಯಿಂದ ತಿವಿಸಿಕೊಂಡಿದ್ದಾರೆ. ಔಷಧಿಗಳಿಂದ ನಾಲಿಗೆಯ ರುಚಿಯೇ ಸತ್ತುಹೋಗಿರುವ ತಾಯಿಗೆ ದಿನವೂ ತಾವೇ ಗಂಜಿ ಕಾಯಿಸಿ, ಬೆಕ್ಕುಗಳಿಗೆ ಕೊಡುವ ಹಾಗೆಯೇ ಮೈಯ ಬಿಸಿಯಷ್ಟಕ್ಕೆ ಆರಿಸಿ ಕೊಡುತ್ತಾರೆ. "ಬಲು ರುಚಿಯಾಗಿದೆ ಕಣಪ್ಪ" ಎನ್ನುತ್ತಾರೆ ತಾಯಿ. ಆ ಒಂದು ಬಟ್ಟಲನ್ನು ಮಾತ್ರ ಸಾಹೇಬರು, ಎಷ್ಟು ಮಿಕ್ಕಿದೆಯೆಂದು ನೋಡದೆ ತೊಳೆದಿಡುತ್ತಾರೆ.